ಬೂಟು ಬಿಚ್ಚದೆ ತೆಗೆದ ಅಳತೆ

ಹೊಸಪೇಟೆಯ ಒಂದು ಹೊಲಿಗೆ ಮಿಷನ್ ಅಂಗಡಿಯಲ್ಲಿ ನಾನು ಮೂವತ್ತೆರಡು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಒಂದು ಮಿಷನ್ನನ್ನೂ ಮಾರಲಿಲ್ಲ. ಮಾರುವುದು ಮಾಲೀಕರ ಕೆಲಸವಾಗಿತ್ತು. ಮಾರಿದ ಮಿಷನ್ನನ್ನು ಯಾವುದರ ಮೇಲೆ ಕೂರಿಸಬೇಕು, ಕಬ್ಬಿಣದ ಸ್ಟ್ಯಾಂಡೋ, ಬಾಗಿಲಿರುವ ಕ್ಯಾಬಿನೆಟ್ಟೋ, ಬರೀ ಮೇಜೋ, ಎಷ್ಟು ಎತ್ತರ, ಮನೆಯ ಯಾವ ಮೂಲೆ, ಇಷ್ಟನ್ನು ಹೇಳುವುದು ನನ್ನ ಕೆಲಸ. ನನ್ನ ಮದುವೆ ಮಾತುಕತೆಯಲ್ಲಿ ಇದನ್ನು ‘ಮಿಷನ್ ಕಂಪನಿ ಕೆಲಸ’ ಎಂದು ಹೇಳಲಾಗಿತ್ತು. ಮೇಜಿನ ಎತ್ತರ ಹೇಳುವ ಕೆಲಸ ಎಂದಿದ್ದರೆ ಹೆಣ್ಣು ಕೊಡುತ್ತಿರಲಿಲ್ಲ.

ಈಚೆಗೆ ಆ ಅಂಗಡಿಗೆ ಹೊಸದಾಗಿ ಸೇರಿದವರೊಬ್ಬರು ಫೋನ್ ಮಾಡಿದ್ದರು. ಟೇಬಲ್ ಆರಿಸುವುದರಲ್ಲಿ ಕಲಿಯುವಂಥದ್ದು ಏನಿದೆ, ಈಗ ಎಲ್ಲಾ ಒಂದೇ ಸೈಜಿನವು ಬರುತ್ತವಲ್ಲ ಎಂದು ಕೇಳಿದರು. ಬರೆದು ಕಳಿಸುತ್ತೇನೆ ಎಂದೆ. ಅವರ ಪ್ರಶ್ನೆಗೆ ನನ್ನ ಉತ್ತರ ಕಂಪ್ಲಿ ಹತ್ತಿರದ ಎಮ್ಮಿಗನೂರಿನಲ್ಲಿದೆ. ಅಲ್ಲಿ ನಾನು ಅಳತೆ ತಪ್ಪಿಸಿದ ಒಂದು ಮೇಜಿನಿಂದ ಒಬ್ಬ ಹೆಣ್ಣುಮಗಳ ಮಿಷನ್ನೇ ಕೈಬಿಟ್ಟು ಹೋಗುವುದರಲ್ಲಿತ್ತು. ಆದರೆ ನೇರವಾಗಿ ಎಮ್ಮಿಗನೂರಿಗೆ ಹೋದರೆ ನಾನು ಆಗ ಎಷ್ಟು ತಿಳಿದವನಾಗಿದ್ದೆ ಎಂಬುದು ಗೊತ್ತಾಗುವುದಿಲ್ಲ. ತಿಳಿದವನಾಗಿದ್ದೂ ತಪ್ಪಿದೆ ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಮಾಲೀಕರು ವೆಂಕಟೇಶಾಚಾರ್. ಊರಿಗೆಲ್ಲ ಆಚಾರ್ರು. ಬೆಳಿಗ್ಗೆ ಸ್ನಾನ ಮುಗಿಸಿ ನಾಮ ಹಚ್ಚಿಕೊಂಡು ಬಂದು, ಅಂಗಡಿಯ ಎಲ್ಲಾ ಮಿಷನ್ನುಗಳ ಚಕ್ರಕ್ಕೆ ಒಂದೊಂದು ಹೂ ಇಟ್ಟು, ಆಮೇಲೆ ನನ್ನ ಕಡೆ ನೋಡಿ ನಿನ್ನೆಯ ತಪ್ಪು ಯಾವುದು ಎಂದು ಹೇಳುತ್ತಿದ್ದರು. ದಿನಾ ಒಂದು ಸಿಗುತ್ತಿತ್ತು. ಬೈಯುತ್ತಿರಲಿಲ್ಲ, ಹವಾಮಾನ ಹೇಳಿದಂತೆ ಹೇಳುತ್ತಿದ್ದರು.

ಅಳತೆಗೆ ಅವರದೇ ಒಂದು ಕ್ರಮವಿತ್ತು. ಗೋಡೆಗೆ ಇಂಚು ಗುರುತು ಮಾಡಿದ ಮರದ ಪಟ್ಟಿ, ಅದರ ಮುಂದೆ ತಿರುಗಿಸಿ ಏರಿಸುವ ಇಳಿಸುವ ಒಂದು ಸ್ಟೂಲು. ಹೊಲಿಯುವವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂರಬೇಕು. ಪಾದ ಪೂರ್ತಿ ಪೆಡಲಿನ ಮೇಲೆ ಕೂರುವಂತೆ ಮೊದಲು ಸ್ಟೂಲಿನ ಎತ್ತರ. ಸ್ಟೂಲು ಸರಿಯಾದ ಮೇಲೆ ಮೊಣಕೈ ಮಡಚಿಸಿ, ಮೊಣಕೈಗಿಂತ ಒಂದು ಬೆರಳು ಕೆಳಗೆ ಮೇಜಿನ ಎತ್ತರ. ಕಾಲಿನಿಂದ ಶುರು, ಕೈಯಲ್ಲಿ ಮುಕ್ತಾಯ. ಕಾಲು ಅರ್ಧ ಇಂಚು ತಪ್ಪಿದರೆ ಕೈಯೂ ತಪ್ಪುತ್ತದೆ, ಅದರ ನೋವು ಹೆಗಲಿಗೆ ಬರುತ್ತದೆ. ಚಪ್ಪಲಿ ಬಿಚ್ಚಿಸುವುದು ಪೂಜೆ ಮಾಡಿದ ಮಿಷನ್ನುಗಳಿವೆ ಎಂಬ ಕಾರಣಕ್ಕೆ ಎಂದು ಗಿರಾಕಿಗಳು ತಿಳಿದಿದ್ದರು. ಆಚಾರ್ರು ಅದನ್ನು ಅಲ್ಲಗಳೆಯಲಿಲ್ಲ. ನನಗೆ ಮಾತ್ರ, ‘ಚಪ್ಪಲಿ ಮ್ಯಾಗ ಅಳತಿ ತಗಂಡ್ರ ಚಪ್ಪಲಿಗೆ ಟೇಬಲ್ ಕೊಟ್ಟಂಗ ಆತು’ ಎಂದಿದ್ದರು.

ಇನ್ನೊಂದು ನಿಯಮ: ಹೊಲಿಯುವವರು ಬಾರದೆ ಮೇಜು ಹೊರಡುವಂತಿಲ್ಲ. ಮದುವೆಗೆ ಮಿಷನ್ ಕೊಡುವ ಅಪ್ಪಂದಿರು ಒಬ್ಬರೇ ಬರುತ್ತಿದ್ದರು. ಆಚಾರ್ರು ಮಗಳನ್ನು ಕರೆತರಲು ಹೇಳಿ ವಾಪಸು ಕಳಿಸುತ್ತಿದ್ದರು. ಗಾದಿಗನೂರಿನ ಒಬ್ಬರು, ಮದುವೆ ಹುಡುಗಿ ಅಂಗಡಿಗೆ ಬರುವುದಿಲ್ಲ ಎಂದು, ಅವಳ ಎತ್ತರಕ್ಕೆ ದಾರ ಹಿಡಿದು ಗಂಟು ಹಾಕಿಕೊಂಡು ಬಂದರು. ನಿಂತಾಗಿನ ಎತ್ತರ. ಅವಳು ನಿಂತು ಹೊಲಿಯುವುದಿಲ್ಲ ಎಂದು ನಾನು ವಿವರಿಸಿದೆ. ಅವರು ಮರುದಿನ ದಾರದಲ್ಲಿ ಇನ್ನೂ ನಾಲ್ಕು ಗಂಟು ಹಾಕಿಕೊಂಡು ಬಂದರು. ಯಾವ ಗಂಟು ಮೊಣಕಾಲು, ಯಾವುದು ಮೊಣಕೈ ಎಂಬುದು ಬಸ್ಸಿನಲ್ಲಿ ಮರೆತುಹೋಗಿತ್ತು. ಮೂರನೆಯ ದಿನ ಹುಡುಗಿಯೇ ಬಂದಳು. ಐದು ನಿಮಿಷದ ಕೆಲಸ.

ಕ್ಯಾಬಿನೆಟ್ ವಿಷಯ ಕಲಿತದ್ದು ದೋಣಿಮಲೈ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಕ್ಯಾಬಿನೆಟ್ ಎಂದರೆ ಬಾಗಿಲಿರುವ ಚಿಕ್ಕ ಕಪಾಟು. ಮಿಷನ್ ಒಳಗೆ ಮಡಚಿಕೊಂಡು ಕೂರುತ್ತದೆ, ಮೇಲೆ ಹಲಗೆ ಮುಚ್ಚಿದರೆ ಒಳ್ಳೆಯ ಪೀಠೋಪಕರಣ. ಅಲ್ಲಿನ ಒಬ್ಬ ಮೇಡಂ ಶೋಕೇಸಿನ ಬಣ್ಣಕ್ಕೆ ಹೊಂದುವ ಕ್ಯಾಬಿನೆಟ್ ಬೇಕೆಂದರು. ಬಣ್ಣ ಹೊಂದಿಸಿ ಕೊಟ್ಟೆ. ಆರು ತಿಂಗಳಿಗೆ ರಿಪೇರಿಗೆ ಕರೆ ಬಂತು. ಕಂಪನಿ ಬಸ್ಸಿನವರು ಗುರುತಿದ್ದರು, ಹತ್ತಿಸಿಕೊಂಡರು. ಹೋಗಿ ನೋಡಿದರೆ ಕ್ಯಾಬಿನೆಟ್ಟಿನ ಮೇಲೆ ಟಿ.ವಿ., ಟಿ.ವಿ. ಮೇಲೆ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಮಿಷನ್ ಎಲ್ಲಿ ಎಂದೆ. ಒಳಗಿದೆ ಎಂದರು. ತಂದ ದಿನ ಒಳಗೆ ಹೋದದ್ದು ಹೊರಗೆ ಬಂದಿರಲಿಲ್ಲ. ರಿಪೇರಿ ಬೇಕಾದದ್ದು ಕ್ಯಾಬಿನೆಟ್ಟಿನ ಬಾಗಿಲಿಗೆ, ಅದು ಕಿರ್ ಎನ್ನುತ್ತಿತ್ತು. ಎಣ್ಣೆ ಬಿಟ್ಟು, ಚಹಾ ಕುಡಿದು ಬಂದೆ.

ಅಂದಿನಿಂದ ಕ್ಯಾಬಿನೆಟ್ ಕೇಳಿದವರಿಗೆಲ್ಲ ಅದರ ಮೇಲೆ ಏನು ಇಡುತ್ತೀರಿ ಎಂದು ಕೇಳುತ್ತಿದ್ದೆ. ಏನೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಂಬಬೇಡಿ. ನಮ್ಮ ಮನೆಗಳಲ್ಲಿ ಸಪಾಟಾದ ಜಾಗ ಖಾಲಿ ಉಳಿಯುವುದಿಲ್ಲ. ದಿನಾ ಹೊಲಿಯುವವರಿಗೆ, ಮಿಷನ್ ಸದಾ ಮೇಲೇ ನಿಂತಿರುವ ಸ್ಟ್ಯಾಂಡು ಕೊಡಿ. ಕ್ಯಾಬಿನೆಟ್ ಬೇಕೇ ಬೇಕೆಂದವರಿಗೆ ಕ್ಯಾಬಿನೆಟ್ ಕೊಡಿ, ಟಿ.ವಿ. ಎಷ್ಟು ಭಾರವಿದೆ ಎಂದು ಕೇಳಿ ಹಲಗೆ ಹಾಕಿ.

ಹಂಪಿಯಲ್ಲಿ ಮಾಡಿದ ತಪ್ಪು ಬೇರೆ ಥರದ್ದು. ಪ್ರವಾಸಿಗರಿಗೆ ಬಣ್ಣದ ತುಂಡುಬಟ್ಟೆಯ ಚೀಲ ಹೊಲಿದು ಮಾರುವ ಒಬ್ಬರು ದೊಡ್ಡ ಮೇಜು ಬೇಕೆಂದರು. ನಾನೇ ಹೋಗಿ ಕೋಣೆಯ ಉದ್ದ ಅಗಲ ಎಲ್ಲಾ ಅಳೆದು ಬಂದೆ. ಬಾಗಿಲು ಅಳೆಯಲಿಲ್ಲ. ಮೇಜು ಬಂದು ಬಾಗಿಲಲ್ಲಿ ನಿಂತಿತು. ನಿಲ್ಲಿಸಿದರು, ಮಲಗಿಸಿದರು, ಕಾಲು ಬಿಚ್ಚಿದರು, ಒಳಗೆ ಹೋಗಲಿಲ್ಲ. ಆ ಸೀಸನ್ ಪೂರ್ತಿ ಆಕೆ ಹೊರಗೆ ಜಗಲಿಯ ಮೇಲೆ ಕೂತು ಹೊಲಿದರು. ಹೊಲಿಯುವುದನ್ನು ನೋಡಲು ಪ್ರವಾಸಿಗರು ನಿಂತರು, ನಿಂತವರು ಚೀಲ ಕೊಂಡರು. ನನ್ನ ಬುದ್ಧಿವಂತಿಕೆಯನ್ನು ಆಕೆ ಹಂಪಿಯಲ್ಲೆಲ್ಲ ಹೊಗಳಿದರು. ನಾನು ಅಲ್ಲಗಳೆಯಲಿಲ್ಲ. ಆಚಾರ್ರು ಮಾತ್ರ ಮೇಜು ಬಾಗಿಲಲ್ಲಿ ಸಿಕ್ಕಿಬಿದ್ದ ಮರುದಿನವೇ ಬೆಳಿಗ್ಗೆ ಹೂ ಇಟ್ಟಾದ ಮೇಲೆ, ‘ಬಾಗ್ಲಾ’ ಎಂದಷ್ಟೇ ಹೇಳಿದರು.

ಇಷ್ಟೆಲ್ಲ ಕಲಿತು, ಇನ್ನು ನನಗೆ ಬಾರದ್ದು ಏನೂ ಇಲ್ಲ ಎಂದುಕೊಂಡಿದ್ದಾಗ ಸುಜಾತ ಬಂದಳು.

ಎಮ್ಮಿಗನೂರಿನ ಮರಿಯಪ್ಪ ಎಂಬುವರ ಮಗಳು. ಅಪ್ಪ ಭತ್ತದ ಗದ್ದೆಯಲ್ಲಿ, ಕಬ್ಬಿನ ಕಟಾವಿನಲ್ಲಿ ದುಡಿಯುವವರು. ಅವಳಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸಣಕಲಾಗಿತ್ತು, ಸ್ವಲ್ಪ ಗಿಡ್ಡ ಕೂಡ. ಎರಡೂ ಕಾಲಿಗೆ ದಪ್ಪ ಅಟ್ಟೆಯ ಬೂಟು, ಎಡಗಡೆಯದಕ್ಕೆ ಇನ್ನೂ ದಪ್ಪ ಅಟ್ಟೆ ಮತ್ತು ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳು. ಕಂಪ್ಲಿಯಲ್ಲಿ ಹೊಲಿಗೆ ತರಬೇತಿ ಮುಗಿಸಿದ್ದಳು. ಊರಿನ ಶಾಲೆಯ ಹೆಡ್‌ಮಾಸ್ಟರು ಅವಳಿಗೆ ಅರ್ಧದಷ್ಟು ಮಕ್ಕಳ ಸಮವಸ್ತ್ರ ಹೊಲಿಯಲು ಒಪ್ಪಿಸಿದ್ದರು. ಶಾಲೆ ಶುರುವಾಗುವುದರೊಳಗೆ ಕೊಟ್ಟರೆ ಮುಂದಿನ ವರ್ಷದಿಂದ ಪೂರ್ತಿ ಅವಳಿಗೇ. ಕೊಡದಿದ್ದರೆ ಎಲ್ಲವೂ ಮೊದಲಿನಂತೆ ಕಂಪ್ಲಿಯ ಅಂಗಡಿಗೆ. ಇದನ್ನೆಲ್ಲ ಮರಿಯಪ್ಪನವರೇ ಹೇಳಿದರು. ಅವಳು ಅಂಗಡಿಯ ಮಿಷನ್ನುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಆಚಾರ್ರು ಊಟಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದರು. ಹೊಸ್ತಿಲ ಹತ್ತಿರ ಚಪ್ಪಲಿಗಳ ಸಾಲು ನೋಡಿ ಸುಜಾತ ಗೋಡೆ ಹಿಡಿದು ಬಗ್ಗಿ ಎಡಗಾಲಿನ ಬೆಲ್ಟಿಗೆ ಕೈ ಹಾಕಿದಳು. ಎಲ್ಲರೂ ನೋಡತೊಡಗಿದರು. ನಾನು ಬೇಗ ಹೊಸ್ತಿಲಿಗೆ ಬಂದೆ.

‘ಇರ್ಲಿ ಬಿಡವ್ವ ತಂಗಿ, ನಿನಗ ಬ್ಯಾಡ’ ಎಂದೆ.

‘ಬಿಚ್ತೀನ್ರಿ ಅಣ್ಣಾ.’

‘ಬ್ಯಾಡ ಅಂದ್ನಲ್ಲ. ಹಂಗ ಬಾ.’

ಅವಳು ಬೆಲ್ಟಿನ ಮೇಲೆ ಕೈ ಇಟ್ಟುಕೊಂಡೇ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಮತ್ತೆ ಬಿಗಿ ಮಾಡಿಕೊಂಡು ಒಳಗೆ ಬಂದಳು. ನಿಂತಿದ್ದ ಗಿರಾಕಿಗಳಲ್ಲಿ ಒಬ್ಬರು ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ನನಗೂ ನನ್ನ ಮೇಲೆ ಮೆಚ್ಚುಗೆ ಹುಟ್ಟಿತ್ತು.

ಅಳತೆ ತೆಗೆದೆ. ಬೂಟಿನೊಂದಿಗೆ ಕಾಲು ಪೆಡಲಿಗೆ ಸರಿ ಕೂರುವಂತೆ ಸ್ಟೂಲು ಏರಿಸಿದೆ. ಸ್ಟೂಲು ಏರಿದ್ದಕ್ಕೆ ಕೈಯೂ ಏರಿತು. ನಮ್ಮ ಕಬ್ಬಿಣದ ಸ್ಟ್ಯಾಂಡು ಒಂದೇ ಎತ್ತರದ್ದು, ಅದರ ಮೇಲಿನ ಹಲಗೆ ಅವಳ ಕೈಗೆ ಎರಡು ಇಂಚು ತಗ್ಗಾಯಿತು. ಬೇರೆಯವರಿಗಾದರೆ ಹಳೆಯ ಮರದ ರೀಪಿನ ತುಂಡು ಕೊಟ್ಟು ಏರಿಸುತ್ತಿದ್ದೆ. ಇವಳಿಗೆಂದು ತೇಗದ ತುಂಡು ಹುಡುಕಿ, ಎರಡು ಇಂಚಿನ ಎರಡು ಗುಟ್ಟ ಮಾಡಿ, ಅಂಚು ಉಜ್ಜಿ, ಪಾಲಿಶ್ ಕೊಟ್ಟು, ಸ್ಟ್ಯಾಂಡಿಗೂ ಹಲಗೆಗೂ ನಡುವೆ ಕೂರಿಸಿದೆ. ಅಂಥ ಗುಟ್ಟ ಅಂಗಡಿಯ ಚರಿತ್ರೆಯಲ್ಲಿ ಯಾರಿಗೂ ಹೋಗಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ಎರಡು ತಿಂಗಳಾಯಿತು. ಬೇಸಿಗೆ. ಒಂದು ಮಧ್ಯಾಹ್ನ ಮರಿಯಪ್ಪ ಒಬ್ಬರೇ ಬಂದು ಹೊಸ್ತಿಲ ಹೊರಗೇ ನಿಂತರು. ಆಚಾರ್ರು ಒಳಗೆ ಕರೆದು ಕೂರಿಸಿದರು. ನೀರು ಕುಡಿದು, ಮಿಷನ್ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಅದು ಹೊಸದರಂತೆಯೇ ಇದೆಯೆಂದು ಎರಡು ಸಲ ಹೇಳಿದರು.

‘ಆಕಿ ಕೈಲೆ ಆಗವಲ್ದ್ರಿ. ಹತ್ತು ನಿಮಿಷ ಕುಂತ್ರ ಹೆಗಲು ಹಿಡಕಂತಾಳ. ಕಾಲು ಹಂಗೈತಲ್ರಿ, ನಾವಾ ಮೊದಲಾ ತಿಳ್ಕಬೇಕಿತ್ತು.’

ನಾನು ಲೊಚಗುಟ್ಟಿದೆ. ಪಾಪ ಎಂದೆ. ಕಾಲು ಹಾಗಿರುವಾಗ ಅವಳಾದರೂ ಏನು ಮಾಡಿಯಾಳು ಎಂದೂ ಹೇಳಿದೆ. ಇದನ್ನು ಬರೆಯಲು ಇವತ್ತಿಗೂ ಕಷ್ಟವಾಗುತ್ತದೆ, ಆದರೆ ಹೇಳಿದ್ದು ನಿಜ.

ಆಚಾರ್ರು ಮರಿಯಪ್ಪನವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ‘ಪಂಪಣ್ಣ, ಹೆಗಲು ನೋವಂತ. ಚಪ್ಪಲಿ ಬಿಚ್ಚಿಸಿ ಅಳತಿ ತಗಂಡಿದ್ದಿಲ್ಲೋ?’

‘ಹೂನ್ರಿ’ ಎಂದೆ.

ಬೂಟು ಚಪ್ಪಲಿಯಲ್ಲ ಎಂದು ಒಳಗೊಳಗೇ ಸಮಜಾಯಿಷಿ ಕೊಟ್ಟುಕೊಂಡೆ. ಮಿಷನ್ ತರುವುದು ಬೇಡ, ಮೊದಲು ಪಂಪಣ್ಣ ಬಂದು ನೋಡುತ್ತಾನೆ ಎಂದು ಆಚಾರ್ರು ಮರಿಯಪ್ಪನವರಿಗೆ ಹೇಳಿದರು. ಶಾಲೆ ಶುರುವಾಗಲು ಮೂರು ವಾರ ಉಳಿದಿತ್ತು.

ಮರುದಿನ ಬೆಳಿಗ್ಗೆ ಕಂಪ್ಲಿ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಎಮ್ಮಿಗನೂರಿಗೆ ಹೋದೆ. ಉಪಕರಣದ ಚೀಲ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ತಪ್ಪು ಮಿಷನ್ನಿನ ಬೆಲ್ಟಿನದಿರಲಿ, ಚಕ್ರದ್ದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮರಿಯಪ್ಪನವರ ಮನೆ ಎರಡು ಕೋಣೆಯದು. ಮುಂದಿನ ಕೋಣೆಯ ಗೋಡೆಗೆ ಬುದ್ಧನ ಫೋಟೊ, ಕಿಟಕಿಯ ಪಕ್ಕ ಮಿಷನ್. ಬೆಳಕು ಎಡಗಡೆಯಿಂದ ಬೀಳುವಂತೆ ನಾನು ಹೇಳಿದ ಹಾಗೆಯೇ ಇಟ್ಟಿದ್ದರು. ಅದಕ್ಕೂ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲ ಹತ್ತಿರ ಮಡಚಿದ ಗೋಣಿಚೀಲದ ಮೇಲೆ ಜೋಡಿಸಿಟ್ಟ ಎರಡು ಬೂಟುಗಳು. ಒರೆಸಿ ಇಟ್ಟಂತಿದ್ದವು. ನಾನು ಅಲ್ಲೇ ನಿಂತುಬಿಟ್ಟೆ. ತಪ್ಪು ಹುಡುಕಲು ಉಪಕರಣದ ಚೀಲ ಬಿಚ್ಚುವ ಅಗತ್ಯವೇ ಇರಲಿಲ್ಲ.

ಸುಜಾತ ಮಿಷನ್ನಿನ ಮುಂದೆ ಬರಿಗಾಲಲ್ಲಿ ಕೂತಿದ್ದಳು. ಬರಿಗಾಲು ಪೆಡಲಿಗೆ ಎಟಕುತ್ತಿರಲಿಲ್ಲ. ಎಟಕಲೆಂದು ಸ್ಟೂಲು ತಗ್ಗಿಸಿದರೆ ಮೇಜು ಎದೆಗೆ ಬರುತ್ತಿತ್ತು, ತೋಳು ಎತ್ತಿ ಹೊಲಿಯಬೇಕು. ಮೇಜು ಸರಿಯಾಗಲೆಂದು ಏರಿಸಿದರೆ ಕಾಲು ಗಾಳಿಯಲ್ಲಿ. ಎರಡು ತಿಂಗಳು ಅವಳು ಸುಮ್ಮನೆ ಕೂತಿರಲಿಲ್ಲ. ಸ್ಟೂಲಿನ ಮೇಲೆ ಕೌದಿ ಮಡಚಿ ಹಾಕಿದ್ದಳು. ಪೆಡಲಿನ ಮೇಲೆ ಒಂದು ಇಟ್ಟಿಗೆ ಇಟ್ಟು ಸೀರೆಯ ಅಂಚಿನಿಂದ ಕಟ್ಟಿದ್ದಳು. ತುಳಿದಾಗಲೆಲ್ಲ ಇಟ್ಟಿಗೆ ಜಾರುತ್ತಿತ್ತು. ಮತ್ತೆ ಇಳಿದು ಕಟ್ಟುತ್ತಿದ್ದಳು. ಹೀಗೆ ಕಟ್ಟಿ ಕಟ್ಟಿ ಹೊಲಿದ ಹನ್ನೊಂದು ಫ್ರಾಕು ಮಂಚದ ಮೇಲಿದ್ದವು. ಕತ್ತರಿಸಿಟ್ಟ ಬಟ್ಟೆ ಗುಡ್ಡೆಯಾಗಿ ಕೆಳಗೆ ಬಿದ್ದಿತ್ತು. ಒಂದು ಫ್ರಾಕು ಎತ್ತಿ ನೋಡಿದೆ. ಹೊಲಿಗೆ ನೇರವಾಗಿತ್ತು.

‘ಬೂಟು ಯಾಕ ಬಿಚ್ಚೀದಿ ತಂಗಿ?’ ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

‘ಬೂಟುಗಾಲು ಇಡ್ತಾರೇನ್ರಿ ಮಿಷನ್ನಿಗೆ?’ ಎಂದಳು. ನಾನು ಗೋಡೆಯ ಫೋಟೊದ ಕಡೆ ನೋಡಿರಬೇಕು. ‘ಪೂಜಿ-ಗೀಜಿ ನಮ್ಮನ್ಯಾಗ ಮಾಡಂಗಿಲ್ರಿ. ಆದ್ರ ಅನ್ನ ಹಾಕೋ ಸಾಮಾನು ಅದು. ಊರಾಗ ಓಡಾಡಿದ ಬೂಟು ಅದರ ಮ್ಯಾಲ ಇಡಾಕ ಮನಸು ಬರಂಗಿಲ್ರಿ.’

‘ಮತ್ತ ನನಗ ಹೇಳಬಾರದಾಗಿತ್ತೇನು?’

‘ಬಿಚ್ತೀನಿ ಅಂದ್ನಲ್ರಿ ಅಣ್ಣಾ. ನೀವು ಬ್ಯಾಡ ಅಂದ್ರಿ.’ ತೇಗದ ಗುಟ್ಟಗಳ ಮೇಲೆ ಬೆರಳಾಡಿಸಿದಳು. ‘ಇಷ್ಟು ಚಂದ ಮಾಡಿ ಕೊಟ್ಟೀರಿ. ಇದರಾಗ ತಪ್ಪೈತಿ ಅಂತ ಹೆಂಗ ಹೇಳಾದ್ರಿ? ಎಲ್ರೂ ಕಾಲಿಂದಾ ಅಂದ್ರು. ನಾನೂ ಹಂಗಾ ಅನ್ಕಂಡೆ.’

ನನಗೆ ನಾಚಿಕೆಯಾಯಿತು. ನಾಚಿಕೆ ಎಂಬ ಮಾತು ಅದಕ್ಕೆ ಸಾಲದು, ಬೇರೆ ಮಾತು ನನಗೆ ಗೊತ್ತಿಲ್ಲ. ಇಡೀ ಕೆಲಸದ ಜೀವನದಲ್ಲಿ ನಾನು ಅತ್ಯಂತ ಅಕ್ಕರೆಯಿಂದ ಮಾಡಿದ ಎರಡು ತುಂಡು ಮರದಿಂದ ಅವಳಿಗೆ ಹೆಗಲು ನೋವು ಬಂದಿತ್ತು. ನನ್ನ ತಪ್ಪನ್ನು ಅವಳ ಕಾಲು ಹೊತ್ತಿತ್ತು. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ನಾನೂ ಅದೇ ಕಾಲಿಗೆ ಪಾಪ ಎಂದಿದ್ದೆ.

ಕೆಲಸ ಅರ್ಧ ಗಂಟೆಯದು. ಬೋಲ್ಟು ಬಿಚ್ಚಿ, ಗುಟ್ಟ ಎರಡೂ ತೆಗೆದು, ಹಲಗೆಯನ್ನು ಸ್ಟ್ಯಾಂಡಿನ ಮೇಲೇ ಕೂರಿಸಿದೆ. ಬರಿಗಾಲಿನಲ್ಲಿ ಕೂರಿಸಿ, ಕಾಲಿನಿಂದ ಶುರು ಮಾಡಿ ಕೈಯಲ್ಲಿ ಮುಗಿಸಿದೆ. ಸ್ಟೂಲು ತಗ್ಗಿತು. ಬಲಗಾಲು ಪೆಡಲಿನ ಮೇಲೆ ಪೂರ್ತಿ ಕೂತಿತು. ಎಡಗಾಲು ಜೋತಾಡದಿರಲೆಂದು ಕೆಳಗೆ ಒಂದು ಓರೆ ಹಲಗೆ ಬಡಿದೆ. ಅದಕ್ಕೆ ಪಾಲಿಶ್ ಕೊಡಲಿಲ್ಲ. ಇಟ್ಟಿಗೆಯನ್ನು ಹೊರಗೆ ಇಟ್ಟುಬಂದೆ.

ಸುಜಾತ ಒಂದು ಬದಿ ಹೊಲಿದಳು. ನಿಲ್ಲಿಸಿ ಹೆಗಲು ಅಲುಗಿಸಿ ನೋಡಿಕೊಂಡಳು. ಇನ್ನೊಂದು ಬದಿ ಹೊಲಿದಳು. ಆಮೇಲೆ ನಾವು ಇದ್ದೇವೆಂಬುದನ್ನು ಮರೆತು ಮುಂದಿನ ಬಟ್ಟೆಗೆ ಕೈ ಚಾಚಿದಳು. ಬಾಗಿಲಲ್ಲಿ ನಿಂತಿದ್ದ ಮರಿಯಪ್ಪನವರಿಗೆ ನಾನು ಹೇಳಿದೆ: ‘ಆಕಿ ಕಾಲಿಂದಲ್ಲ ಮರಿಯಪ್ಪನೋರೆ. ನನ್ನ ಅಳತಿ ತಪ್ಪಿತ್ತು.’

ಅವರು ಮಗಳ ಹೆಗಲನ್ನೇ ನೋಡುತ್ತಿದ್ದರು. ಬಿಸಿಲು ಜೋರಾಗಿದೆ, ಊಟ ಮಾಡಿಕೊಂಡು ಹೋಗಬೇಕು ಎಂದರು. ಮಾಡಿದೆ.

ಮರುದಿನ ಆಚಾರ್ರು ಹೂ ಇಟ್ಟು ಮುಗಿಸುವುದರೊಳಗೆ ನಾನೇ ಎರಡು ತಿಂಗಳ ಹಿಂದಿನ ತಪ್ಪು ಹೇಳಿದೆ. ಮೊನ್ನೆ ಅವರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಗುಟ್ಟಗಳನ್ನು ಕೇಳಿದರು, ಕೊಟ್ಟೆ. ತಿರುಗಿಸಿ ನೋಡಿ ಪಾಲಿಶ್ ಚೆನ್ನಾಗಿ ಬಂದಿದೆ ಎಂದರು. ಅಳತೆ ಸ್ಟೂಲಿನ ಪಕ್ಕದ ಗೂಡಿನಲ್ಲಿ ಅವನ್ನು ಇಟ್ಟರು. ಅವರು ಇರುವವರೆಗೂ ಅವು ಅಲ್ಲೇ ಇದ್ದವು. ಗಿರಾಕಿಗಳು ಇದೇನು ಎಂದು ಕೇಳಿದರೆ, ಪಂಪಣ್ಣನನ್ನು ಕೇಳಿ ಎನ್ನುತ್ತಿದ್ದರು. ನಾನು ಹೇಳಬೇಕಾಗುತ್ತಿತ್ತು. ವರ್ಷಕ್ಕೆ ಇಪ್ಪತ್ತು ಮೂವತ್ತು ಸಲ ಹೇಳಿರಬಹುದು. ಆ ಕಥೆ ನನ್ನ ಬಾಯಲ್ಲಿ ಇಷ್ಟು ಸರಾಗವಾಗಿ ಬರುವುದು ಅದಕ್ಕೇ.

ಸಮವಸ್ತ್ರದ ವಿಷಯ ಯಾರೂ ಬಂದು ಹೇಳಲಿಲ್ಲ. ಶಾಲೆ ಶುರುವಾಗಿ ಎರಡು ವಾರಕ್ಕೆ ಮರಿಯಪ್ಪ ಅಂಗಡಿಗೆ ಬಂದು ಹದಿನಾರನೇ ನಂಬರಿನ ಸೂಜಿ ಎರಡು ಪ್ಯಾಕೆಟ್ ಕೇಳಿದರು. ಇಷ್ಟೊಂದು ಯಾಕೆ ಎಂದೆ. ಮುಂದಿನ ವರ್ಷಕ್ಕೂ ಇರಲಿ ಎಂದರು.

ಆಮೇಲೆ ಕಾಲ ಬದಲಾಯಿತು. ಮೋಟರು ಬಂತು, ಪೆಡಲು ಹೋಯಿತು. ತೇಗ ಹೋಗಿ ಪ್ಲೈವುಡ್ ಬಂತು, ಅದೂ ಹೋಗಿ ಒದ್ದೆ ಬಟ್ಟೆ ಇಟ್ಟರೆ ಉಬ್ಬುವ ಒಂದು ಹಲಗೆ ಬಂತು. ರಟ್ಟಿನ ಡಬ್ಬದಲ್ಲಿ ಮೇಜು ಬರುತ್ತದೆ, ಜೊತೆಗೆ ಒಂದು ತಿರುಗುಳಿ, ಜೋಡಿಸುವ ಚಿತ್ರ. ಮೇಜುಗಳಿಗೆಲ್ಲ ಈಗ ಒಂದೇ ಎತ್ತರ. ಮನುಷ್ಯರಿಗೆ ಇನ್ನೂ ಆಗಿಲ್ಲ. ಆದ್ದರಿಂದ ಫೋನ್ ಮಾಡಿದವರಿಗೆ ನನ್ನ ಸಲಹೆ ಇಷ್ಟೆ: ಡಬ್ಬ ಕೊಡಿ, ಆದರೆ ಕೂರಿಸಿ ನೋಡಿ ಕೊಡಿ. ಕಾಲಿನಿಂದ ಶುರು ಮಾಡಿ. ಬಾಗಿಲು ಅಳೆಯಿರಿ. ಯಾರ ಮೇಲಾದರೂ ಮರುಕ ಹುಟ್ಟಿದರೆ ಅವರ ಅಳತೆಯನ್ನು ಎರಡು ಸಲ ತೆಗೆಯಿರಿ.

ಹೋದ ವರ್ಷ ನನ್ನ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ಪಂಚೆ ಕಾಲಿಗೆ ತೊಡರಿ ಬಿದ್ದೀರಿ, ಪೈಜಾಮ ಹಾಕಿ ಎಂದರು ಡಾಕ್ಟರು. ಎರಡೂ ಕಾಲಿಗೆ ದಪ್ಪ ಅಟ್ಟೆಯ, ನಾಲ್ಕು ನಾಲ್ಕು ಪಟ್ಟಿಯ ಬೂಟು ಬರೆದುಕೊಟ್ಟರು. ಪೈಜಾಮ ಹೊಲಿಸಲು ಕಂಪ್ಲಿಗೆ ಹೋದೆ. ಹೊಸಪೇಟೆಯಲ್ಲಿ ದರ್ಜಿಗಳಿಲ್ಲವೇ ಎಂದಳು ಹೆಂಡತಿ. ಇದ್ದಾರೆ.

ಕಂಪ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸುಜಾತಳ ಹೊಲಿಗೆ ಅಂಗಡಿ ಇದೆ. ಅವಳದ್ದಲ್ಲದೆ ಇನ್ನೂ ನಾಲ್ಕು ಮಿಷನ್, ನಾಲ್ಕು ಜನ ಹೆಣ್ಣುಮಕ್ಕಳು. ಎಲ್ಲವಕ್ಕೂ ಈಗ ಮೋಟರು. ಮೇಜುಗಳು ಮಾತ್ರ ಒಂದರಂತೆ ಒಂದಿಲ್ಲ, ಒಂದರ ಕಾಲು ಕೊಯ್ದಿದೆ, ಒಂದರ ಕೆಳಗೆ ಮರದ ತುಂಡು ಕೊಟ್ಟಿದೆ. ಅವಳ ಬೂಟುಗಳು ಬಾಗಿಲ ಪಕ್ಕ ಮಡಚಿದ ಗೋಣಿಚೀಲದ ಮೇಲಿದ್ದವು. ಬೂಟು ಹೊಸವು, ಇಟ್ಟ ರೀತಿ ಹಳೆಯದೇ.

ಹೊಸ್ತಿಲಲ್ಲಿ ಚಪ್ಪಲಿಗಳ ಸಾಲು ಕಂಡು ನಾನು ಗೋಡೆ ಹಿಡಿದು ಬಗ್ಗಿದೆ. ಕೈ ಪಟ್ಟಿಗೆ ಎಟಕಲಿಲ್ಲ. ನಾಲ್ಕೂ ಮಿಷನ್ನುಗಳು ನಿಂತವು. ಇರಲಿ ಬಿಡಿ ತಾತ, ನಿಮಗೇನು ಬೇಡ, ಹಾಗೇ ಬನ್ನಿ ಎಂದು ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಹೇಳಿದರು. ಒಳ್ಳೆಯ ಮಕ್ಕಳು. ನಾನು ನೆಟ್ಟಗಾಗಿ ಒಳಗೆ ಹೆಜ್ಜೆ ಇಡುವುದರಲ್ಲಿದ್ದೆ.

‘ಬಿಚ್ರಿ ಅಣ್ಣಾ’ ಎಂದಳು ಸುಜಾತ.

ಹೆಣ್ಣುಮಕ್ಕಳು ಅವಳನ್ನೇ ನೋಡಿದರು. ಅವಳು ಎದ್ದು, ಮೇಜಿನ ಅಂಚು ಹಿಡಿದುಕೊಂಡು ಬರಿಗಾಲಲ್ಲೇ ನಿಧಾನವಾಗಿ ಬಂದು, ಒಂದು ಸ್ಟೂಲನ್ನು ಹೊಸ್ತಿಲ ಹತ್ತಿರ ನೂಕಿದಳು.

‘ಕುಂದ್ರಿ, ಸಾವಕಾಶ ಬಿಚ್ರಿ. ಬೂಟಿನ ಮ್ಯಾಲ ಅಳತಿ ತಗಂಡ್ರ ಮನ್ಯಾಗ ಬರಿಗಾಲಿಗೆ ಪೈಜಾಮ ಉದ್ದ ಆಗತೈತಿ. ಉದ್ದ ಆದ್ರ ನೀವು ಬಂದು ಹೇಳಂಗಿಲ್ಲ.’

ನಾನು ಕೂತೆ. ಒಂದೊಂದು ಬೂಟಿಗೆ ನಾಲ್ಕು ಪಟ್ಟಿ, ಒಟ್ಟು ಎಂಟು. ಯಾರೂ ಕೈ ಹಾಕಲು ಬರಲಿಲ್ಲ, ಅವಳು ಬರಗೊಡಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡು, ಬಾಗಿಲಿಗೆ ಒರಗಿ ನಿಂತು, ನಾನು ಎಂಟನ್ನೂ ಬಿಚ್ಚುವವರೆಗೆ ಕಾದಳು.